ಡೈನೋಸಾರ್ ಪಾರ್ಕ್: ಮೂಳೆ ನೋಡಬೇಕಾ, ಹೆಜ್ಜೆಯಾ, ಮೊಟ್ಟೆಯಾ, ಗೊಂಬೆಯಾ?

ಡೈನೋಸಾರ್ ಪಾರ್ಕ್ ಅಂತ ಬೋರ್ಡ್ ಹಾಕಿಕೊಂಡ ಜಾಗಗಳೆಲ್ಲ ಒಂದೇ ಥರ ಇರುವುದಿಲ್ಲ. ಒಂದು ಕಡೆ ಮೂಳೆಗಳು ಬಂಡೆಯಲ್ಲಿ ಸಿಕ್ಕ ಹಾಗೇ ಕೂತಿರುತ್ತವೆ. ಒಂದು ಕಡೆ ಬರೀ ಹೆಜ್ಜೆ ಗುರುತು, ಹುಡುಕಿದರೂ ಒಂದು ಮೂಳೆ ಇಲ್ಲ. ಇನ್ನೊಂದು ಕಡೆ ಮೊಟ್ಟೆ. ಮತ್ತೆ ಕೆಲವು ಕಡೆ ಫೈಬರ್ ಗೊಂಬೆ, ಸ್ಪೀಕರ್‌ನಿಂದ ಬರುವ ಘರ್ಜನೆ, ಅಷ್ಟೇ. ಟಿಕೆಟ್ ಬುಕ್ ಮಾಡುವಾಗ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಪ್ರಚಾರದ ಫೋಟೊಗಳಲ್ಲಿ ಎಲ್ಲ ಕಡೆಯೂ ಅದೇ ಬಾಯಿ ತೆರೆದ ಟಿ. ರೆಕ್ಸ್ ನಿಂತಿರುತ್ತದೆ. ಆ ಊರಲ್ಲಿ ಟಿ. ರೆಕ್ಸ್ ಯಾವತ್ತಾದರೂ ಬದುಕಿತ್ತಾ ಅನ್ನುವುದು ಬೇರೆ ಮಾತು.

ಆರಿಸುವಾಗ ನಾನು ಮೊದಲು ಕೇಳಿಕೊಳ್ಳುವುದು ಇಷ್ಟು: ಅಲ್ಲಿಗೇ ಹೋದರೆ ಮಾತ್ರ ಕಾಣುವಂಥದ್ದು ಏನಿದೆ? ಯಾಕೆಂದರೆ ಮೂಳೆಗೆ ಪ್ರಯಾಣದ ಅಭ್ಯಾಸ ಇದೆ. ಒಳ್ಳೆಯ ಮೂಳೆ ಸಿಕ್ಕ ಕೂಡಲೇ ಪ್ಲಾಸ್ಟರ್ ಸುತ್ತಿ ಯಾವುದೋ ದೊಡ್ಡ ಊರಿನ ಮ್ಯೂಸಿಯಂಗೆ ಸಾಗಿಸುತ್ತಾರೆ. ತೆಲಂಗಾಣದ ಯಾಮನ್‌ಪಲ್ಲಿ ಹತ್ತಿರ ಸಿಕ್ಕ ಕೋಟಾಸಾರಸ್ ಮೂಳೆಗಳು ಈಗ ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿ ನಿಂತಿವೆ. ಗೋದಾವರಿ ಕಣಿವೆಯ ಬಾರಾಪಾಸಾರಸ್ ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದೆ. ಆ ಪ್ರಾಣಿಗಳನ್ನು ನೋಡಬೇಕಿದ್ದರೆ ಹಳ್ಳಿ ಹುಡುಕಿಕೊಂಡು ಹೋಗಿ ಪ್ರಯೋಜನವಿಲ್ಲ. ಆದರೆ ಎತ್ತಿಕೊಂಡು ಹೋಗಲಾಗದ ಕೆಲವು ಇವೆ. ದೂರದ ಜಾಗಕ್ಕೆ ದುಡ್ಡು, ಸಮಯ ಹಾಕುವುದಾದರೆ ಅವುಗಳಿಗಾಗಿ ಹಾಕಬೇಕು ಅನ್ನುವುದು ನನ್ನ ಅಭಿಪ್ರಾಯ.

ಮೂಳೆ ಬಂಡೆಯಲ್ಲೇ ಇರುವ ಜಾಗಗಳು

ಈ ಬಗೆಯಲ್ಲಿ ನನಗೆ ಎಲ್ಲಕ್ಕಿಂತ ಮೇಲೆ ಕಾಣುವುದು ಅಮೆರಿಕದ ಯೂಟಾದಲ್ಲಿರುವ ಡೈನೋಸಾರ್ ನ್ಯಾಷನಲ್ ಮಾನ್ಯುಮೆಂಟ್. 1909ರಲ್ಲಿ ಅರ್ಲ್ ಡಗ್ಲಸ್ ಎಂಬ ಪಳೆಯುಳಿಕೆ ತಜ್ಞನಿಗೆ ಇಲ್ಲಿ ಅಪಟೋಸಾರಸ್‌ನ ಬಾಲದ ಎಂಟು ಮೂಳೆಗಳು ಸಾಲಾಗಿ ಕಂಡವು. ಆಮೇಲೆ ಎಷ್ಟೋ ವರ್ಷ ಅಗೆದು ಅಗೆದು ಮೂಳೆಗಳನ್ನು ಪಿಟ್ಸ್‌ಬರ್ಗ್‌ನ ಮ್ಯೂಸಿಯಂಗೆ ಸಾಗಿಸಿದರು. ಆದರೆ ಉಳಿದದ್ದನ್ನು ಕೀಳದೆ, ಕಲ್ಲನ್ನು ಮಾತ್ರ ಕೆತ್ತಿ, ಮೂಳೆಗಳು ಉಬ್ಬಿ ಕಾಣುವ ಹಾಗೆ ಬಿಡಬೇಕು, ಮೇಲೊಂದು ಕಟ್ಟಡ ಕಟ್ಟಬೇಕು ಅನ್ನುವ ಆಸೆ ಡಗ್ಲಸ್‌ಗೇ ಇತ್ತು. ಅದು ಕೈಗೂಡಿದ್ದು 1958ರಲ್ಲಿ. ಈಗ ಅಲ್ಲಿ ಒಂದು ಓರೆ ಬಂಡೆಗೋಡೆ ಇದೆ, ಅದರಲ್ಲಿ ಸುಮಾರು 1,500 ಮೂಳೆಗಳು. ಅಲೋಸಾರಸ್, ಡಿಪ್ಲೊಡೋಕಸ್, ಸ್ಟೆಗೊಸಾರಸ್, ಕ್ಯಾಮರಾಸಾರಸ್, ಎಲ್ಲ ಒಂದರ ಮೇಲೊಂದು. ವಯಸ್ಸು ಸುಮಾರು 15 ಕೋಟಿ ವರ್ಷ.

ಮೊದಲ ಸಲ ನೋಡಿದವರಿಗೆ ಅದು ಪ್ರಾಣಿಯ ಹಾಗೆ ಕಾಣುವುದಿಲ್ಲ, ಗಲಿಬಿಲಿಯ ಹಾಗೆ ಕಾಣುತ್ತದೆ. ಆ ಗಲಿಬಿಲಿಯೇ ವಿಷಯ. ಇದು ಒಂದು ಕಾಲದ ನದಿಯ ಪಾತ್ರ. ಬರಗಾಲದಲ್ಲಿ ಸತ್ತ ಪ್ರಾಣಿಗಳನ್ನು ಪ್ರವಾಹ ತಳ್ಳಿಕೊಂಡು ಬಂದು ಮರಳದಿಬ್ಬದ ಮೇಲೆ ರಾಶಿ ಹಾಕಿತು. ಯಾವ ಕಡೆ ನೀರು ಹರಿದಿರಬೇಕು, ಯಾವ ಕತ್ತು ಪೂರ್ತಿ ಉಳಿದಿದೆ, ಯಾವ ಕಾಲು ಬಿಡಿಯಾಗಿ ಬಂತು ಅನ್ನುವುದನ್ನೆಲ್ಲ ಗೋಡೆಯ ಮುಂದೆ ನಿಂತೇ ಓದಬಹುದು. ಸುಮ್ನೆ ಒಂದು ಸುತ್ತು ಹಾಕಿ ಬರುವ ಬದಲು, ಒಂದು ಮೂಳೆಯನ್ನು ಆರಿಸಿಕೊಂಡು ಅದರ ಜೋಡಿ ಎಲ್ಲಿದೆ ಅಂತ ಹುಡುಕಿ ನೋಡಿ. ಕೆಳಗಿನ ಹಂತದಲ್ಲಿ ಕೈಗೆಟುಕುವ ಮೂಳೆಗಳನ್ನು ಮುಟ್ಟಲೂ ಬಿಡುತ್ತಾರೆ. ಅಸಲಿ ಮೂಳೆ ಮುಟ್ಟುವ ಅವಕಾಶ ಬೇರೆ ಕಡೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಒಂದು ಎಚ್ಚರಿಕೆ. ಈ ಮಾನ್ಯುಮೆಂಟ್ ಯೂಟಾ, ಕೊಲರಾಡೊ ಎರಡೂ ರಾಜ್ಯಗಳಲ್ಲಿ ಹರಡಿದೆ. ಕೊಲರಾಡೊ ಬದಿಯಲ್ಲಿ ಡೈನೋಸಾರ್ ಎಂಬ ಹೆಸರಿನ ಊರೇ ಇದೆ, ಪಕ್ಕದಲ್ಲಿ ಒಂದು ವಿಸಿಟರ್ ಸೆಂಟರ್ ಕೂಡ ಇದೆ. ಆದರೆ ಆ ಬದಿಯಲ್ಲಿರುವುದು ಕಣಿವೆಗಳು, ಡೈನೋಸಾರ್ ಮೂಳೆ ಅಲ್ಲ. ಮೂಳೆಯ ಗೋಡೆಗೆ ಯೂಟಾದ ಜೆನ್ಸನ್ ಊರಿನ ಕಡೆಯಿಂದ ಹೋಗಬೇಕು. ಹೆಸರು ನೋಡಿ ಮ್ಯಾಪ್ ಹಾಕಿಕೊಂಡವರು ತಪ್ಪು ಬಾಗಿಲಿಗೆ ಬಂದು ನಿಲ್ಲುತ್ತಾರೆ.

ಚೀನಾದ ಸಿಚುವಾನ್‌ನ ಜಿಗಾಂಗ್ ಮ್ಯೂಸಿಯಂ ಇದೇ ಬಗೆಯದು. ಅಗೆದ ಗುಂಡಿಯ ಮೇಲೇ ಕಟ್ಟಡ ಕಟ್ಟಿ 1987ರಲ್ಲಿ ತೆರೆದರು. ಯೂಟಾಗಿಂತ ಇಲ್ಲಿ ಒಂದು ಅನುಕೂಲ ಜಾಸ್ತಿ: ಬಂಡೆಯಲ್ಲಿರುವ ಮೂಳೆ ಮತ್ತು ಜೋಡಿಸಿ ನಿಲ್ಲಿಸಿದ ಅಸ್ಥಿಪಂಜರ ಎರಡೂ ಒಂದೇ ಸೂರಿನಡಿ ಸಿಗುತ್ತವೆ. ಮಧ್ಯ ಜುರಾಸಿಕ್ ಕಾಲದ ಪ್ರಾಣಿಗಳು ಜಗತ್ತಿನಲ್ಲೇ ಕಡಿಮೆ ಸಿಕ್ಕಿವೆ, ಆ ಕಾಲಕ್ಕೆ ಈ ಜಾಗ ದೊಡ್ಡ ಆಸರೆ. ಬಾಲದ ತುದಿಯಲ್ಲಿ ಗದೆಯಿದ್ದ ಶುನೋಸಾರಸ್ ಇಲ್ಲಿಯದೇ. ಗ್ಯಾಸೋಸಾರಸ್ ಅನ್ನುವ ಇನ್ನೊಂದು ಪ್ರಾಣಿಗೆ ಆ ಹೆಸರು ಬಂದದ್ದು ಅದನ್ನು ಮೊದಲು ಕಂಡ ಗ್ಯಾಸ್ ಕಂಪನಿಯಿಂದ!

ಕೆನಡಾದ ಆಲ್ಬರ್ಟಾದಲ್ಲಿರುವ ಡೈನೋಸಾರ್ ಪ್ರಾವಿನ್ಷಿಯಲ್ ಪಾರ್ಕ್ ಮಾತ್ರ ಬೇರೆ ಸ್ವಭಾವದ್ದು. ಇಲ್ಲಿ ಕಟ್ಟಡ ಮುಖ್ಯವಲ್ಲ, ನೆಲ ಮುಖ್ಯ. ರೆಡ್ ಡಿಯರ್ ನದಿಯ ಬದಿಯಲ್ಲಿ ಕೊರೆದು ಕೊರೆದು ನಿಂತ ಬೋಳು ಗುಡ್ಡಗಳು, ಪ್ರತಿ ಮಳೆಗೂ ಹೊಸ ಮೂಳೆ ಹೊರಗೆ ಬರುವ ಜಾಗ. 1979ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಪಾರ್ಕಿನ ಹೆಚ್ಚಿನ ಭಾಗಕ್ಕೆ ಗೈಡ್ ಜೊತೆಯಲ್ಲಿ ಮಾತ್ರ ಬಿಡುತ್ತಾರೆ. ಹಾಗಾಗಿ ಟೂರ್ ಬುಕ್ ಮಾಡದೆ ಹೋದರೆ ಅರ್ಧ ಪಾರ್ಕ್ ಕೂಡ ನೋಡಿದ ಹಾಗಾಗುವುದಿಲ್ಲ. ಸೆಂಟ್ರೊಸಾರಸ್ ಹಿಂಡಿನ ಮೂಳೆರಾಶಿಗೆ ಕರೆದುಕೊಂಡು ಹೋಗುವ ನಡಿಗೆ ಇದೆ, ನಡೆಯುವ ಶಕ್ತಿ ಇದ್ದವರು ಅದನ್ನೇ ಆರಿಸಿಕೊಳ್ಳಿ. ನೆಲವೆಲ್ಲ ಬೆಂಟೊನೈಟ್ ಜೇಡಿ. ಒಣಗಿದ್ದಾಗ ಮೇಲ್ಮೈ ಹರಳು ಹರಳಾಗಿ ಪುಡಿಯಾಗುತ್ತದೆ, ನೆನೆದರೆ ಸಾಬೂನು ಸವರಿದ ಕಲ್ಲಿನ ಹಾಗೆ ಜಾರುತ್ತದೆ. ಮಳೆ ಬಂದ ದಿನ ಇಳಿಜಾರು ಹತ್ತಲು ಹೋಗಬೇಡಿ. ಬಿಸಿಲಿನ ದಿನ ನೆರಳೇ ಇರುವುದಿಲ್ಲ, ನೀರು ಅಂದುಕೊಂಡದ್ದಕ್ಕಿಂತ ಜಾಸ್ತಿ ಬೇಕು.

ಇಲ್ಲೂ ಹೆಸರಿನ ಗೊಂದಲ ಇದೆ. ಪ್ರಸಿದ್ಧ ರಾಯಲ್ ಟಿರೆಲ್ ಮ್ಯೂಸಿಯಂ ಇರುವುದು ಡ್ರಮ್‌ಹೆಲರ್‌ನಲ್ಲಿ. ಪಾರ್ಕಿನಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ. ಪೂರ್ತಿ ಅಸ್ಥಿಪಂಜರ ನೋಡಬೇಕಾದರೆ ಮ್ಯೂಸಿಯಂ, ಮೂಳೆ ಮಣ್ಣಿನಿಂದ ಹೊರಬರುವುದನ್ನು ನೋಡಬೇಕಾದರೆ ಪಾರ್ಕ್. ಒಂದೇ ದಿನದಲ್ಲಿ ಎರಡನ್ನೂ ಮುಗಿಸುತ್ತೇನೆ ಅಂದುಕೊಂಡರೆ ಎರಡೂ ಅರ್ಧಂಬರ್ಧ ಆಗುತ್ತವೆ.

ಹೆಜ್ಜೆ ಗುರುತು: ಜನ ಕಡೆಗಣಿಸುವುದು, ನಾನು ಮೊದಲು ಆರಿಸುವುದು

"ಗುಂಡಿ ನೋಡೋಕೆ ಅಷ್ಟು ದೂರ ಹೋಗಬೇಕಾ?" ಅನ್ನುವವರು ಇದ್ದಾರೆ. ಮೂಳೆ ಅಂದರೆ ಸತ್ತ ಪ್ರಾಣಿ. ಹೆಜ್ಜೆ ಅಂದರೆ ಬದುಕಿದ್ದ ಪ್ರಾಣಿ, ಒಂದು ದಿನ, ಒಂದು ಕಡೆಗೆ ಹೊರಟಿದ್ದು. ಸಣ್ಣ ಸಣ್ಣ ತುಂಡುಗಳನ್ನು ಬಿಟ್ಟರೆ ಇವುಗಳನ್ನು ಕಿತ್ತು ಮ್ಯೂಸಿಯಂಗೆ ಒಯ್ಯುವುದೂ ಕಷ್ಟ. ಅಲ್ಲಿಗೇ ಹೋಗಿ ನೋಡಬೇಕು.

ಟೆಕ್ಸಸ್‌ನ ಗ್ಲೆನ್ ರೋಸ್ ಬಳಿಯ ಡೈನೋಸಾರ್ ವ್ಯಾಲಿ ಪಾರ್ಕಿನಲ್ಲಿ ಹೆಜ್ಜೆಗಳು ಪಲಕ್ಸಿ ನದಿಯ ತಳದಲ್ಲೇ ಇವೆ. ವಯಸ್ಸು ಸುಮಾರು 11 ಕೋಟಿ ವರ್ಷ. ಉದ್ದ ಕತ್ತಿನ ಸಸ್ಯಾಹಾರಿಯ ದೊಡ್ಡ ದುಂಡು ಗುಂಡಿಗಳು, ಮಗು ಒಳಗೆ ಕೂರುವಷ್ಟು ದೊಡ್ಡವು. ಪಕ್ಕದಲ್ಲಿ ಮೂರು ಬೆರಳಿನ ಬೇಟೆಗಾರ ಪ್ರಾಣಿಯ ಹೆಜ್ಜೆಗಳು. ಹತ್ತಿರ ಕೂತು ನೋಡಿದರೆ ಗುಂಡಿಯ ಸುತ್ತ ಕೆಸರು ಒತ್ತಿ ಉಬ್ಬಿದ ಅಂಚು ಕಾಣುತ್ತದೆ. ಕಾಲಿಟ್ಟ ಭಾರಕ್ಕೆ ಪಕ್ಕಕ್ಕೆ ಸರಿದ ಕೆಸರು ಅದು, ಹಾಗೇ ಕಲ್ಲಾಗಿದೆ. ಆದರೆ ನದಿ ತುಂಬಿದ್ದರೆ ಏನೂ ಕಾಣುವುದಿಲ್ಲ. ಬೇಸಿಗೆಯ ಕೊನೆಯಲ್ಲಿ ನೀರು ಇಳಿದಾಗ ಹೋಗಬೇಕು. 2022ರ ಬರಗಾಲದಲ್ಲಿ ನದಿ ಒಣಗಿ, ಸಾಮಾನ್ಯವಾಗಿ ನೀರು, ಹೂಳಿನಡಿ ಇರುವ ಹೆಜ್ಜೆಗಳೂ ಮೇಲೆ ಬಂದವು. ಹೊರಡುವ ಮೊದಲು ನದಿಯ ಮಟ್ಟ ಕೇಳಿಕೊಳ್ಳಿ, ನೀರಿನಲ್ಲಿ ನಡೆಯುವ ಚಪ್ಪಲಿ ಹಾಕಿಕೊಳ್ಳಿ. ಇಲ್ಲಿ ಡೈನೋಸಾರ್ ಜೊತೆ ಮನುಷ್ಯನ ಹೆಜ್ಜೆಯೂ ಇದೆ ಅನ್ನುವ ಕಥೆ ಕಿವಿಗೆ ಬೀಳಬಹುದು. ಕೆಲವು ಯಾರೋ ಕೆತ್ತಿ ಮಾರಿದ ನಕಲಿ, ಇನ್ನು ಕೆಲವು ಹಿಮ್ಮಡಿ ಊರಿ ನಡೆದ ಡೈನೋಸಾರ್‌ನ ಉದ್ದ ಹೆಜ್ಜೆಗಳು.

ನದಿಯ ಜೂಜು ಬೇಡ ಅನ್ನುವವರಿಗೆ ಅಮೆರಿಕದ್ದೇ ಕನೆಕ್ಟಿಕಟ್‌ ರಾಜ್ಯದ ರಾಕಿ ಹಿಲ್ ಊರಿನ ಪಾರ್ಕ್ ಒಳ್ಳೆಯದು. 1966ರಲ್ಲಿ ಸರಕಾರಿ ಕಟ್ಟಡಕ್ಕೆ ಪಾಯ ತೋಡುವಾಗ ಬುಲ್ಡೋಜರ್ ಓಡಿಸುತ್ತಿದ್ದವರ ಕಣ್ಣಿಗೆ ಬಿದ್ದ ಹೆಜ್ಜೆಗಳು. ಸುಮಾರು 2,000 ಸಿಕ್ಕವು. ಅದರಲ್ಲಿ 500ರಷ್ಟನ್ನು ಒಂದು ಗುಮ್ಮಟದಡಿ ತೋರಿಸುತ್ತಾರೆ, ಉಳಿದವನ್ನು ಕಾಪಾಡಲೆಂದು ಮತ್ತೆ ಮಣ್ಣು ಮುಚ್ಚಿದ್ದಾರೆ. ಮಳೆ, ಬಿಸಿಲು ಯಾವ ಚಿಂತೆಯೂ ಇಲ್ಲ, ವಯಸ್ಸಾದವರಿಗೂ ಸುಲಭ. ಇಲ್ಲಿಯ ವಿಶೇಷ ಅಂದರೆ ಬೆಚ್ಚಗಿನ ತಿಂಗಳುಗಳಲ್ಲಿ ಹೊರಗಿಟ್ಟ ಅಸಲಿ ಹೆಜ್ಜೆಯಿಂದ ನೀವೇ ಅಚ್ಚು ತೆಗೆದುಕೊಳ್ಳಬಹುದು. ಪ್ಲಾಸ್ಟರ್ ಆಫ್ ಪ್ಯಾರಿಸ್, ಬಕೆಟ್, ಎಣ್ಣೆ, ಒರೆಸುವ ಬಟ್ಟೆ ನೀವೇ ತರಬೇಕು. ಎಣ್ಣೆ ಸವರುವುದು ಯಾಕೆಂದರೆ ಪ್ಲಾಸ್ಟರ್ ಕಲ್ಲಿಗೆ ಅಂಟದಿರಲಿ ಅಂತ. ಮಕ್ಕಳಿರುವ ಮನೆಯವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಹೊಳೆಯುತ್ತಿಲ್ಲ.

ಅಲ್ಲಿಯ ಹೆಜ್ಜೆಗಳಿಗೆ ಯೂಬ್ರಾಂಟಿಸ್ ಅಂತ ಹೆಸರು. ಅದು ಹೆಜ್ಜೆಯ ಹೆಸರು, ಪ್ರಾಣಿಯದ್ದಲ್ಲ. ಮೂಳೆ ಸಿಗದ ಕಾರಣ ನಡೆದದ್ದು ಯಾರು ಅಂತ ಖಚಿತವಾಗಿ ಹೇಳಲು ಬರುವುದಿಲ್ಲ. ಆದರೆ ಎತ್ತರ ಅಂದಾಜು ಮಾಡಬಹುದು. ಹೆಜ್ಜೆಯ ಉದ್ದವನ್ನು ನಾಲ್ಕರಿಂದ ಗುಣಿಸಿದರೆ ಸೊಂಟದ ಎತ್ತರ ಹತ್ತಿರ ಹತ್ತಿರ ಸಿಗುತ್ತದೆ. ಬ್ರಿಟನ್ನಿನ ಪ್ರಾಣಿವಿಜ್ಞಾನಿ ಮ್ಯಾಕ್‌ನೀಲ್ ಅಲೆಕ್ಸಾಂಡರ್ 1976ರಲ್ಲಿ ಹೆಜ್ಜೆಗಳ ನಡುವಿನ ಅಂತರದಿಂದ ವೇಗ ಲೆಕ್ಕ ಹಾಕುವ ದಾರಿ ತೋರಿಸಿದಾಗ ಬಳಸಿದ್ದು ಇದೇ ಅಂದಾಜು. 35 ಸೆಂಟಿಮೀಟರ್ ಹೆಜ್ಜೆ ಅಂದರೆ 1.4 ಮೀಟರ್ ಎತ್ತರದ ಸೊಂಟ. ಒಂದು ಅಳತೆ ಟೇಪ್ ಜೇಬಿನಲ್ಲಿರಲಿ.

ಗಾತ್ರಕ್ಕೆ ಮನಸೋಲುವವರು ಬೊಲಿವಿಯಾದ ಸುಕ್ರೆ ಪಕ್ಕದ ಕಲ್ ಒರ್ಕೊ ನೋಡಬೇಕು. ಸಿಮೆಂಟ್ ಕ್ವಾರಿಯಲ್ಲಿ ಸುಣ್ಣದ ಕಲ್ಲು ತೆಗೆಯುತ್ತಾ ಹೋದಾಗ ಹೊರಬಂದ ಗೋಡೆ. ಉದ್ದ ಸುಮಾರು ಒಂದೂವರೆ ಕಿಲೋಮೀಟರ್, ಅದರ ತುಂಬ 5,000ಕ್ಕೂ ಹೆಚ್ಚು ಹೆಜ್ಜೆಗಳು. ಡೈನೋಸಾರ್ ಗೋಡೆ ಹತ್ತಿದ್ದಲ್ಲ! ಅದು ಆಗ ಕೆರೆದಂಡೆಯ ಸಮತಟ್ಟು ಕೆಸರು. ಆಂಡಿಸ್ ಪರ್ವತ ಎದ್ದಾಗ ಆ ಪದರವೂ ಮೇಲಕ್ಕೆ ಎದ್ದು ನಿಂತಿತು. 2006ರಲ್ಲಿ ತೆರೆದ ಪಾರ್ಕ್ ಗೋಡೆಯ ಎದುರಿಗಿದೆ. ದೂರದಿಂದ ನೋಡಿದರೆ ಚುಕ್ಕಿಗಳ ಸಾಲು ಅಷ್ಟೇ. ಗೋಡೆಯ ಬುಡಕ್ಕೆ ಇಳಿಯುವ ಗೈಡ್ ನಡಿಗೆ ಗೊತ್ತಾದ ಹೊತ್ತಿಗೆ ಮಾತ್ರ ಇರುತ್ತದೆ, ಆ ಹೊತ್ತು ನೋಡಿಕೊಂಡೇ ಹೋಗಿ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಲಾರ್ಕ್ ಕ್ವಾರಿ ವಿಂಟನ್ ಊರಿನಿಂದ 110 ಕಿಲೋಮೀಟರ್ ಒಳಗೆ. ಅಷ್ಟು ದೂರ ಹೋಗುವುದು ಒಂದು ಜಗಳ ನೋಡಲು ಅನ್ನಬಹುದು. 3,300ರಷ್ಟು ಹೆಜ್ಜೆಗಳಿವೆ. ದೊಡ್ಡ ಬೇಟೆಗಾರನನ್ನು ಕಂಡು ಸಣ್ಣ ಪ್ರಾಣಿಗಳ ಹಿಂಡು ದಿಕ್ಕೆಟ್ಟು ಓಡಿದ ಗುರುತು ಅಂತ ಮೊದಲು ಹೇಳಿದರು. ಓಟವೂ ಅಲ್ಲ, ಬೇಟೆಯೂ ಅಲ್ಲ, ನೀರು ದಾಟುವಾಗ ಆದ ಗುರುತು ಅಂತ ಆಮೇಲೆ ಇನ್ನು ಕೆಲವರು ವಾದಿಸಿದರು. ಎರಡೂ ವಾದ ಓದಿಕೊಂಡು ಹೋದರೆ ಕಟ್ಟೆಯ ಮೇಲೆ ನಿಂತು ನೀವೂ ಪಕ್ಷ ವಹಿಸಬಹುದು.

ಬಯಲಿನಲ್ಲಿರುವ ಯಾವ ಹೆಜ್ಜೆ ಗುರುತಿಗೂ ಮಧ್ಯಾಹ್ನ ಹೋಗಬೇಡಿ. ಸೂರ್ಯ ನೆತ್ತಿಯ ಮೇಲಿದ್ದಾಗ ಗುಂಡಿಗೆ ನೆರಳೇ ಬೀಳುವುದಿಲ್ಲ, ಬಂಡೆ ಚಪ್ಪಟೆ ಕಾಣುತ್ತದೆ. ಬೆಳಿಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಅದೇ ಬಂಡೆಯಲ್ಲಿ ಬೆರಳು, ಉಗುರು ಎಲ್ಲ ಎದ್ದು ಕಾಣುತ್ತವೆ. ಇಂಗ್ಲೆಂಡಿನ ವೈಟ್ ದ್ವೀಪದ ಕಾಂಪ್ಟನ್ ಬೇಯಂಥ ಕಡಲತೀರದ ಜಾಗಕ್ಕಾದರೆ ಬಿಸಿಲಿಗಿಂತ ಮುಖ್ಯ ಇಳಿತದ ವೇಳಾಪಟ್ಟಿ. ನೀರು ಏರಿದ ಮೇಲೆ ಹೆಜ್ಜೆಯೂ ಇಲ್ಲ, ವಾಪಸ್ ಬರುವ ದಾರಿಯೂ ಕಷ್ಟ.

ಮೊಟ್ಟೆಯ ಜಾಗ

ಗುಜರಾತಿನ ಬಾಲಾಸಿನೋರ್ ಹತ್ತಿರದ ರಾಯೋಲಿ ಇದಕ್ಕೆ ಒಳ್ಳೆಯ ಉದಾಹರಣೆ. 1980ರ ದಶಕದ ಆರಂಭದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರಿಗೆ ಇಲ್ಲಿ ಮೂಳೆ, ಮೊಟ್ಟೆ ಸಿಕ್ಕವು. ಆ ಮೂಳೆಗಳಿಂದಲೇ 2003ರಲ್ಲಿ ರಾಜಾಸಾರಸ್ ನರ್ಮದೆನ್ಸಿಸ್, 2010ರಲ್ಲಿ ರಾಹಿಯೋಲಿಸಾರಸ್ ಎಂಬ ಎರಡು ಬೇಟೆಗಾರ ಪ್ರಾಣಿಗಳಿಗೆ ಹೆಸರಿಟ್ಟರು. 2019ರಲ್ಲಿ ಮ್ಯೂಸಿಯಂ ತೆರೆಯಿತು.

ಮೊಟ್ಟೆ ಅಂದರೆ ಮೊಟ್ಟೆಯ ಆಕಾರದ್ದು ಅಂದುಕೊಂಡು ಹೋದರೆ ನಿರಾಸೆ. ಬಂಡೆಯ ಮೇಲ್ಮೈ ಸವೆದಾಗ ಅದರಲ್ಲಿ ಹೂತಿದ್ದ ಮೊಟ್ಟೆಯೂ ಅಡ್ಡಕ್ಕೆ ಕತ್ತರಿಸಿದ ಹಾಗಾಗುತ್ತದೆ. ಹಾಗಾಗಿ ಎಷ್ಟೋ ಕಡೆ ಕಾಣುವುದು ಒಂದು ವೃತ್ತ, ಸುತ್ತ ತೆಳುವಾದ ಚಿಪ್ಪಿನ ಗೆರೆ. ಗೈಡ್ ಬೆರಳಿಟ್ಟು ತೋರಿಸದಿದ್ದರೆ ಅದರ ಮೇಲೇ ನಡೆದುಕೊಂಡು ಹೋಗುತ್ತೀರಿ. ಒಮ್ಮೆ ಕಣ್ಣಿಗೆ ಹಿಡಿದರೆ ಆಮೇಲೆ ಎಲ್ಲೆಲ್ಲೂ ಕಾಣತೊಡಗುತ್ತವೆ. ಈ ಬಗೆಯ ಜಾಗಕ್ಕೆ ಗೈಡ್ ಇಲ್ಲದೆ ಹೋಗುವುದು ವ್ಯರ್ಥ ಅಂತ ನೇರವಾಗಿ ಹೇಳಿಬಿಡುತ್ತೇನೆ. ಹೋಗುವ ಮೊದಲು ಸನಾಜೆ ಇಂಡಿಕಸ್ ಬಗ್ಗೆ ಓದಿಕೊಳ್ಳಿ. ಗುಜರಾತಿನದೇ ಧೋಲಿ ಡುಂಗ್ರಿಯಲ್ಲಿ, ಡೈನೋಸಾರ್ ಗೂಡಿನಲ್ಲಿ ಒಡೆದ ಮೊಟ್ಟೆಗೆ ಸುತ್ತಿಕೊಂಡ ಹಾಗೆ ಸಿಕ್ಕ ಸುಮಾರು ಮೂರೂವರೆ ಮೀಟರ್ ಹಾವು ಅದು. ಪಕ್ಕದಲ್ಲೇ ಡೈನೋಸಾರ್ ಮರಿಯ ಮೂಳೆ.

ರಾಯೋಲಿಯನ್ನು ಗಾಂಧಿನಗರದ ಇಂದ್ರೋಡಾ ಪಾರ್ಕ್ ಜೊತೆ ಹೋಲಿಸುವವರು ಜಾಸ್ತಿ. ಇಂದ್ರೋಡಾದಲ್ಲೂ ಅಸಲಿ ಮೊಟ್ಟೆಗಳಿವೆ, ಆದರೆ ಅವು ಅಲ್ಲಿ ಸಿಕ್ಕಿದ್ದಲ್ಲ, ಬೇರೆ ಕಡೆಯಿಂದ ತಂದಿಟ್ಟದ್ದು. ಜೊತೆಗೆ ದೊಡ್ಡ ಗೊಂಬೆಗಳು, ಪ್ರಾಣಿಸಂಗ್ರಹಾಲಯ, ತಿಮಿಂಗಿಲದ ಅಸ್ಥಿಪಂಜರ. ಸಣ್ಣ ಮಕ್ಕಳ ಜೊತೆ ಅರ್ಧ ದಿನ ಕಳೆಯಲು ಇಂದ್ರೋಡಾ, ಮೊಟ್ಟೆ ಇಟ್ಟ ನೆಲವನ್ನೇ ನೋಡಲು ರಾಯೋಲಿ. ಮಧ್ಯಪ್ರದೇಶದ ಧಾರ್ ಜಿಲ್ಲೆಯ ಬಾಗ್ ಸುತ್ತಮುತ್ತ 92 ಗೂಡು, 256 ಮೊಟ್ಟೆಗಳ ವರದಿ 2023ರಲ್ಲಿ ಬಂತು. ಸಂಖ್ಯೆ ನೋಡಿ ಮನೆಯವರನ್ನೆಲ್ಲ ಹೊರಡಿಸಬೇಡಿ, ಅದು ಭೂವಿಜ್ಞಾನ ಗೊತ್ತಿರುವವರನ್ನು ಜೊತೆಗಿಟ್ಟುಕೊಂಡು ಹೋಗುವ ಬಯಲು.

ಗೊಂಬೆಗಳು ಕೆಟ್ಟವೇನಲ್ಲ

ಐದಾರು ವರ್ಷದ ಮಗುವಿಗೆ ಬಂಡೆಯಲ್ಲಿರುವ ಕಂದು ಗೆರೆ ತೋರಿಸಿ "ನೋಡು ಡೈನೋಸಾರ್" ಅಂದರೆ ನಂಬುವುದಿಲ್ಲ. ಅದಕ್ಕೆ ಎತ್ತರ ಬೇಕು, ಹಲ್ಲು ಬೇಕು. ಗೊಂಬೆ, ಅಸಲಿ ಎರಡೂ ಬೇಕಿದ್ದರೆ ಜರ್ಮನಿಯ ಮ್ಯೂನ್ಶೆಹಾಗೆನ್‌ನಂಥ ಜಾಗ ಆರಿಸಿ. 1980ರಲ್ಲಿ ಹಳೆಯ ಕಲ್ಲುಕ್ವಾರಿಯಲ್ಲಿ ಸಿಕ್ಕ ಹೆಜ್ಜೆಗಳು ಅಲ್ಲೇ ಇವೆ, ಸುತ್ತಲಿನ ಕಾಡುದಾರಿಯಲ್ಲಿ ನಿಜ ಗಾತ್ರದ ಮಾದರಿಗಳೂ ಇವೆ. ಮಗು ಮಾದರಿ ನೋಡಲಿ, ನೀವು ಹೆಜ್ಜೆ ನೋಡಿ.

ಮಾದರಿಗಳನ್ನು ಮಾತ್ರ ಪ್ರಶ್ನೆ ಕೇಳದೆ ಒಪ್ಪಬೇಡಿ. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಪಾರ್ಕಿನಲ್ಲಿ ನಿಲ್ಲಿಸಿದ ಇಗ್ವಾನೊಡಾನ್‌ಗೆ ಮೂಗಿನ ಮೇಲೆ ಕೊಂಬಿದೆ. ಅದು ಕೊಂಬಲ್ಲ, ಹೆಬ್ಬೆರಳಿನ ಮುಳ್ಳು ಅಂತ ಆಮೇಲೆ ಬೆಲ್ಜಿಯಂನಲ್ಲಿ ಪೂರ್ತಿ ಅಸ್ಥಿಪಂಜರಗಳು ಸಿಕ್ಕಾಗ ಗೊತ್ತಾಯಿತು. ಇವತ್ತಿನ ಪಾರ್ಕುಗಳಲ್ಲೂ ಬಾಲ ನೆಲಕ್ಕೆಳೆಯುವ ಟಿ. ರೆಕ್ಸ್, ಗರಿಯೇ ಇಲ್ಲದ ವೆಲಾಸಿರ‍್ಯಾಪ್ಟರ್, ಅಂಗೈ ನೆಲದ ಕಡೆ ಮಾಡಿ ನಿಂತ ಬೇಟೆಗಾರ ಧಾರಾಳ ಸಿಗುತ್ತವೆ. ಹದಿಹರೆಯದವರ ಕೈಗೆ ಈ ಪಟ್ಟಿ ಕೊಟ್ಟು ತಪ್ಪು ಹುಡುಕಲು ಬಿಡಿ, ಬೋರ್ ಅನ್ನುವುದಿಲ್ಲ.

ಇನ್ನು ನೀವೇ ಅಗೆಯುವ ಜಾಗಗಳು. ವಯೋಮಿಂಗ್‌ನ ಥರ್ಮಾಪೊಲಿಸ್‌ನಲ್ಲಿರುವ ಡೈನೋಸಾರ್ ಸೆಂಟರ್‌ನಲ್ಲಿ ಒಂದು ದಿನದ ಅಗೆತಕ್ಕೆ ಸೇರಿಕೊಳ್ಳಬಹುದು. ಸಿಕ್ಕಿದ್ದು ಮ್ಯೂಸಿಯಂಗೆ, ನಿಮಗಲ್ಲ. ಬಿಸಿಲಿನಲ್ಲಿ ಮಂಡಿಯೂರಿ, ಬ್ರಷ್ ಹಿಡಿದು, ಗಂಟೆಗಟ್ಟಲೆ ಪುಡಿ ಸರಿಸುವ ಕೆಲಸ ಅದು. ತಾಳ್ಮೆ ಇರುವವರಿಗೆ ಹಬ್ಬ. ಇಲ್ಲದವರನ್ನು ಬಲವಂತ ಮಾಡಿ ಕರೆದುಕೊಂಡು ಹೋಗಬೇಡಿ, ಮಧ್ಯಾಹ್ನದ ಹೊತ್ತಿಗೆ ಇಬ್ಬರ ದಿನವೂ ಹಾಳಾಗುತ್ತದೆ.

ಬುಕ್ ಮಾಡುವ ಮೊದಲು

ಫೋನ್ ಅಥವಾ ಇಮೇಲ್ ಮಾಡಿ ಕೇಳಿಬಿಡಿ: ತೋರಿಸುವುದು ಅಸಲಿಯೋ, ಅಚ್ಚೋ? ಇಲ್ಲೇ ಸಿಕ್ಕಿದ್ದೋ, ತಂದಿಟ್ಟದ್ದೋ? ಗೈಡ್ ಇಲ್ಲದೆ ಎಷ್ಟು ಭಾಗ ನೋಡಬಹುದು? ಅಚ್ಚು ಅಂದ ಕೂಡಲೇ ಮುಖ ತಿರುಗಿಸಬೇಕಿಲ್ಲ. ಮೂಳೆ ಕಲ್ಲಾಗಿರುವುದರಿಂದ ಭಾರ ಜಾಸ್ತಿ, ಎಷ್ಟೋ ಒಳ್ಳೆಯ ಮ್ಯೂಸಿಯಂಗಳೂ ನಿಲ್ಲಿಸುವುದು ಅಚ್ಚನ್ನೇ. ಅದನ್ನು ಮುಚ್ಚಿಡದೆ ಬೋರ್ಡಿನಲ್ಲಿ ಬರೆದಿದ್ದಾರಾ ಅನ್ನುವುದು ಮುಖ್ಯ. ಅದನ್ನು ಬರೆಯುವವರು ಉಳಿದ ವಿಷಯದಲ್ಲೂ ನಂಬಿಕಸ್ತರೇ ಇರುತ್ತಾರೆ.

ವಯಸ್ಸಾದವರು ಜೊತೆಗಿದ್ದರೆ ಕಟ್ಟಡದೊಳಗಿನ ಜಾಗ: ಯೂಟಾದ ಗೋಡೆ, ಜಿಗಾಂಗ್, ರಾಕಿ ಹಿಲ್. ನಡೆಯುವ ಗೆಳೆಯರ ಗುಂಪಾದರೆ ಆಲ್ಬರ್ಟಾ. ಒಂದೇ ಒಂದು ಕಡೆ ಹೋಗಲು ಸಾಧ್ಯ ಅಂತಿದ್ದರೆ, ಮತ್ತು ಜೊತೆಯಲ್ಲಿರುವವರು ಸಣ್ಣ ಮಕ್ಕಳಲ್ಲದಿದ್ದರೆ, ನಾನು ಹೆಜ್ಜೆಯ ಕಡೆಗೇ ಕೈ ತೋರಿಸುತ್ತೇನೆ.

ಎಲ್ಲಿ ಹೋದರೂ ನೆಲದಲ್ಲಿ ಬಿದ್ದ ಮೂಳೆಚೂರು ಜೇಬಿಗೆ ಹಾಕಿಕೊಳ್ಳಬೇಡಿ. ಅಮೆರಿಕದ ಸರಕಾರಿ ಜಾಗಗಳಲ್ಲಿ, ಆಲ್ಬರ್ಟಾದ ಪಾರ್ಕಿನಲ್ಲಿ ಅದು ಅಪರಾಧ. ಕಾನೂನಿನ ಮಾತು ಬಿಟ್ಟರೂ, ಯಾವ ಪದರದಲ್ಲಿ ಸಿಕ್ಕಿತು ಅನ್ನುವುದು ಕಳೆದುಹೋದರೆ ಆ ಚೂರಿನಿಂದ ಯಾರಿಗೂ ಉಪಯೋಗವಿಲ್ಲ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ಫೋಟೊ ತೆಗೆಯಿರಿ, ಜಾಗವನ್ನು ಫೋನಿನ ಮ್ಯಾಪಿನಲ್ಲಿ ಗುರುತು ಹಾಕಿಕೊಳ್ಳಿ, ಹೊರಗೆ ಬರುವಾಗ ಅಲ್ಲಿಯ ಸಿಬ್ಬಂದಿಗೆ ತೋರಿಸಿ.